ಸ್ಕ್ಯಾನ್‌ಗೆ ಮುಂಚೆ ಭೇದಿ ಮಾತ್ರೆ ನಿಜವಾಗಿ ಯಾವುದಕ್ಕೆ ಬೇಕು? ಟ್ರೇಸರ್ ಮೈಯಿಂದ ಹೊರಹೋಗೋ ದಾರಿ ಯಾವುದು?

ತಿಳ್ಕೊಳ್ಳೋಣ

ನ್ಯೂಕ್ಲಿಯರ್ ಮೆಡಿಸಿನ್ ಸ್ಕ್ಯಾನ್‌ಗಳಿಗೆ (ಟ್ರೇಸರ್ ಅನ್ನೋ ವಿಕಿರಣ ಸೂಸೋ ಔಷಧಿ ಮೈಗೆ ಕೊಟ್ಟು, ಅದು ಎಲ್ಲಿ ಸೇರುತ್ತೆ ಅಂತ ಚಿತ್ರ ತೆಗೆಯೋದು) ಕೊಡೋ ಸೂಚನೆ ಹಾಳೆಗಳನ್ನ ಪಕ್ಕಪಕ್ಕ ಇಟ್ಟು ಓದಿದ್ರೆ ಒಂದಕ್ಕೊಂದು ತಾಳೆಯಾಗಲ್ಲ. ಒಂದರಲ್ಲಿ "ಹಿಂದಿನ ರಾತ್ರಿ ಭೇದಿ ಮಾತ್ರೆ ತಗೊಳ್ಳಿ". ಇನ್ನೊಂದರಲ್ಲಿ "ಭೇದಿ ಔಷಧಿಯನ್ನು ಎರಡು ದಿನ ಮುಂಚೆಯೇ ನಿಲ್ಲಿಸಿ". ಮತ್ತೊಂದರಲ್ಲಿ ಕರುಳಿನ ಸುದ್ದಿಯೇ ಇಲ್ಲ, ಬರೀ "ನೀರು ಜಾಸ್ತಿ ಕುಡಿಯಿರಿ". ಯಾಕೆ ಅನ್ನೋದು ಮಾತ್ರ ಯಾವುದರಲ್ಲೂ ಬರೆದಿರಲ್ಲ. ಯಾಕೆ ಅಂತ ಗೊತ್ತಿಲ್ದಿದ್ರೆ ಜನ ಅರ್ಧಂಬರ್ಧ ಮಾಡ್ತಾರೆ, ಆಮೇಲೆ ಚಿತ್ರ ಸರಿ ಬಂದಿಲ್ಲ ಅಂತ ಮತ್ತೆ ಕರೀತಾರೆ.

ನನ್ನ ಪ್ರಶ್ನೆ ಮೂರು. ಟ್ರೇಸರ್ ಯಾವ ದಾರೀಲಿ ಹೊರಗೆ ಹೋಗುತ್ತೆ? ಕರುಳು ಖಾಲಿ ಇರಲೇಬೇಕಾದ ಸ್ಕ್ಯಾನ್ ಯಾವುವು? ನೀರು ಕುಡಿದ್ರೆ ವಿಕಿರಣ ನಿಜವಾಗ್ಲೂ ಬೇಗ ಹೋಗುತ್ತಾ, ಅಥವಾ ಸಮಾಧಾನಕ್ಕೆ ಹೇಳೋ ಮಾತಾ?

ಅರ್ಧಾಯು

ಮೂರನೇ ಪ್ರಶ್ನೆಯಿಂದ ಹಿಡಿಯೋಣ, ಅದು ಬಿಡಿಸಿಕೊಂಡ್ರೆ ಉಳಿದದ್ದು ಸಲೀಸು.

ಮೈಯೊಳಗೆ ಟ್ರೇಸರ್ ಕಮ್ಮಿಯಾಗೋದು ಎರಡು ಕಾರಣಕ್ಕೆ. ಒಂದು, ಅದು ತಾನಾಗೇ ಕ್ಷಯವಾಗುತ್ತೆ. ಹಾಗೆ ಅರ್ಧಕ್ಕೆ ಇಳಿಯೋಕೆ ಹಿಡಿಯೋ ಹೊತ್ತೇ ಭೌತಿಕ ಅರ್ಧಾಯು. ಟೆಕ್ನೀಷಿಯಂ-99ಎಂ 6 ಗಂಟೆ, ಫ್ಲೋರಿನ್-18 ಸುಮಾರು 110 ನಿಮಿಷ, ಇಂಡಿಯಂ-111 2.8 ದಿನ, ಗ್ಯಾಲಿಯಂ-67 78 ಗಂಟೆ, ಅಯೋಡಿನ್-131 8 ದಿನ. ನೀರು, ಮಾತ್ರೆ, ವ್ಯಾಯಾಮ, ಏನು ಮಾಡಿದ್ರೂ ಈ ಲೆಕ್ಕ ಒಂದು ನಿಮಿಷವೂ ಆಚೀಚೆ ಆಗಲ್ಲ. ಎರಡು, ಮೈ ಅದನ್ನ ಹೊರಗೆ ಹಾಕುತ್ತೆ. ಇದು ಜೈವಿಕ ಅರ್ಧಾಯು. ನೀರು, ಮೂತ್ರ, ಮಲ, ಕಿಡ್ನಿ ಕೆಲಸ ಎಲ್ಲ ಇಲ್ಲಿ ಬರುತ್ತೆ.

ಎರಡೂ ಸೇರಿದ್ದು ಪರಿಣಾಮಕಾರಿ ಅರ್ಧಾಯು. ಎರಡನ್ನೂ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ. ಭೌತಿಕ 6 ಗಂಟೆ, ಜೈವಿಕವೂ 6 ಗಂಟೆ ಆದ್ರೆ 36 ಭಾಗಿಸು 12, ಅಂದ್ರೆ 3 ಗಂಟೆ. ಥೈರಾಯ್ಡ್ ಗ್ರಂಥಿಯೊಳಗೆ ಹೊಕ್ಕ ಅಯೋಡಿನ್-131ಕ್ಕೆ ಭೌತಿಕ 8 ದಿನ, ಜೈವಿಕ 80 ದಿನ ಅಂತ ಇಟ್ಕೊಳ್ಳಿ: 640 ಭಾಗಿಸು 88, ಸುಮಾರು 7.3 ದಿನ. ಅಲ್ಲಿ ಎಷ್ಟು ನೀರು ಕುಡಿದ್ರೂ ಗ್ರಂಥಿಯೊಳಗಿರೋದು ಅಲ್ಲಾಡಲ್ಲ. ರಕ್ತದಲ್ಲಿ ಓಡಾಡ್ತಿರೋ ಅಯೋಡಿನ್ ಮಾತ್ರ ಮೂತ್ರದಲ್ಲಿ ಹೋಗುತ್ತೆ. ಹಾಗಾಗಿ ನೀರು ಬರೀ ಸಮಾಧಾನದ ಮಾತಲ್ಲ, ಎಲ್ಲದಕ್ಕೂ ಮದ್ದೂ ಅಲ್ಲ.

ಹಾಟ್‌ಲ್ಯಾಬ್

ಅರ್ಧಾಯು ಹೇಳಿದ್ದಕ್ಕೆ ಒಂದು ಅಂಕಿ ಸೇರಿಸ್ತೀನಿ. ಮೂಳೆ ಸ್ಕ್ಯಾನ್‌ಗೆ 740 ಮೆಗಾಬೆಕೆರೆಲ್ (ವಿಕಿರಣ ಅಳೆಯೋ ಮಾನ) ಟೆಕ್ನೀಷಿಯಂ ಕೊಟ್ಟಿದ್ದಾರೆ ಅನ್ನಿ. ಒಂದು ಹನಿಯೂ ಹೊರಹೋಗಲಿಲ್ಲ ಅಂತಾನೇ ಲೆಕ್ಕ ಹಾಕಿದ್ರೂ 6 ಗಂಟೆಗೆ 370, 24 ಗಂಟೆಗೆ 46, 48 ಗಂಟೆಗೆ 3ಕ್ಕಿಂತ ಕಮ್ಮಿ. ಹತ್ತು ಅರ್ಧಾಯು ಕಳೆದ್ರೆ ಉಳಿಯೋದು 1024ರಲ್ಲಿ 1 ಪಾಲು. ಟೆಕ್ನೀಷಿಯಂಗೆ ಅದು 60 ಗಂಟೆ, ಫ್ಲೋರಿನ್-18ಕ್ಕೆ 18 ಗಂಟೆ ಚಿಲ್ಲರೆ. ನಿಜವಾಗಿ ಅದಕ್ಕಿಂತ ಬೇಗ ಇಳಿಯುತ್ತೆ, ಮೂತ್ರದಲ್ಲಿ ಹೋಗ್ತಾ ಇರುತ್ತಲ್ಲ.

ಪಿತ್ತನಾಳ

ಮೊದಲನೇ ಪ್ರಶ್ನೆಗೆ ಉತ್ತರ: ದಾರಿ ತೀರ್ಮಾನ ಮಾಡೋದು ಐಸೊಟೋಪ್ (ವಿಕಿರಣ ಸೂಸೋ ಪರಮಾಣು) ಅಲ್ಲ, ಅದಕ್ಕೆ ಕಟ್ಟಿರೋ ಔಷಧದ ಅಣು. ಇದನ್ನ ಜನ ಮರೀತಾರೆ. ಅದೇ ಟೆಕ್ನೀಷಿಯಂ-99ಎಂ ನೋಡಿ:

ಡಿಟಿಪಿಎಗೆ ಕಟ್ಟಿದ್ರೆ ಕಿಡ್ನಿಯಲ್ಲಿ ಸೋಸಿ ನೇರ ಮೂತ್ರಕ್ಕೆ. ಎಂಡಿಪಿಗೆ ಕಟ್ಟಿದ್ರೆ ಹೆಚ್ಚುಕಮ್ಮಿ ಅರ್ಧ ಮೂಳೆಗೆ ಅಂಟುತ್ತೆ, ಉಳಿದದ್ದು ಮೂತ್ರಕ್ಕೆ. ಮೆಬ್ರೋಫೆನಿನ್‌ಗೆ ಕಟ್ಟಿದ್ರೆ ಲಿವರ್ ಎಳ್ಕೊಂಡು ಪಿತ್ತದ ಜತೆ ಸಣ್ಣ ಕರುಳಿಗೆ ಸುರಿಯುತ್ತೆ. ಹೃದಯಕ್ಕೆ ಕೊಡೋ ಸೆಸ್ಟಾಮಿಬಿ ಎರಡೂ ಕಡೆ ಹೋಗುತ್ತೆ: 24 ಗಂಟೆಯಲ್ಲಿ ಸುಮಾರು 27% ಮೂತ್ರದಲ್ಲಿ, 48 ಗಂಟೆಯಲ್ಲಿ ಸುಮಾರು 33% ಮಲದಲ್ಲಿ. ಸಲ್ಫರ್ ಕೊಲಾಯ್ಡ್‌ನ ಊಟದಲ್ಲಿ ಬೆರೆಸಿ ತಿನ್ನಿಸಿದ್ರೆ ರಕ್ತಕ್ಕೆ ಸೇರೋದೇ ಇಲ್ಲ, ಬಂದ ದಾರಿಯಲ್ಲೇ ಕೆಳಗಿಳಿದು ಮಲದಲ್ಲಿ ಹೋಗುತ್ತೆ.

ಪ್ರಾಸ್ಟೇಟ್ ಸ್ಕ್ಯಾನಿನಲ್ಲೂ ಹೀಗೇ. ಗ್ಯಾಲಿಯಂ-68 ಪಿಎಸ್ಎಂಎ-11 ಮೂತ್ರಕೋಶದಲ್ಲಿ ತುಂಬ್ಕೊಳ್ಳುತ್ತೆ, ಪಕ್ಕದಲ್ಲೇ ಇರೋ ಪ್ರಾಸ್ಟೇಟ್ ಅದರ ಹೊಳಪಿನಲ್ಲಿ ಮುಚ್ಚಿಹೋಗುತ್ತೆ. ಅದಕ್ಕೇ ಫ್ಯೂರೋಸಮೈಡ್ ಕೊಟ್ಟು ಮೂತ್ರ ಹರಿಸ್ತಾರೆ. ಫ್ಲೋರಿನ್-18 ಪಿಎಸ್ಎಂಎ-1007 ಬಹುಪಾಲು ಪಿತ್ತದ ದಾರಿ ಹಿಡಿಯುತ್ತೆ, ಮೂತ್ರಕೋಶ ಹೆಚ್ಚುಕಮ್ಮಿ ಮಂಕಾಗಿಯೇ ಇರುತ್ತೆ. ಹುಡುಕೋ ಜಾಗ ಒಂದೇ, ಹೊರಹೋಗೋ ದಾರಿ ಬೇರೆ, ತಯಾರಿಯೂ ಬೇರೆ.

ಸೀದಾ_ಮಾತು

ಇಷ್ಟೆಲ್ಲ ತಲೆ ಕೆಡಿಸ್ಕೊಳ್ಳೋದು ಯಾಕೆ? ಹೊಟ್ಟೆ ಕ್ಲೀನ್ ಆಗಿದ್ರೆ ಯಾವ ಸ್ಕ್ಯಾನಿಗೂ ನಷ್ಟ ಇಲ್ಲ. ಎಲ್ಲರಿಗೂ ಹಿಂದಿನ ರಾತ್ರಿ ಒಂದು ಮಾತ್ರೆ ಕೊಟ್ಬಿಟ್ರೆ ಆಯ್ತು.

ವಾರ್ಡ್_ಡ್ಯೂಟಿ

@ಸೀದಾ_ಮಾತು ನಷ್ಟ ಇದೆ. ದಯವಿಟ್ಟು ಹಾಗೆ ಯಾರಿಗೂ ಹೇಳ್ಬೇಡಿ.

ಹೊಟ್ಟೆ ಎಷ್ಟು ಬೇಗ ಖಾಲಿಯಾಗುತ್ತೆ ಅಂತ ನೋಡೋ ಸ್ಕ್ಯಾನ್ ಇದೆ. ಟೆಕ್ನೀಷಿಯಂ ಬೆರೆಸಿದ ಮೊಟ್ಟೆಯ ಬಿಳಿಭಾಗ ತಿನ್ನಿಸಿ 4 ಗಂಟೆವರೆಗೆ ಚಿತ್ರ ತೆಗೀತಾರೆ. 2 ಗಂಟೆಗೆ 60%ಕ್ಕಿಂತ ಜಾಸ್ತಿ, 4 ಗಂಟೆಗೆ 10%ಕ್ಕಿಂತ ಜಾಸ್ತಿ ಹೊಟ್ಟೆಯಲ್ಲೇ ಉಳಿದಿದ್ರೆ ನಿಧಾನ ಅಂತ ಲೆಕ್ಕ. ಭೇದಿ ಔಷಧಿ ಕೊಟ್ಟು ಇದನ್ನ ಅಳೆದ್ರೆ ಅಂಕಿಯೇ ಸುಳ್ಳಾಗುತ್ತೆ. "ಎರಡು ದಿನ ಮುಂಚೆ ನಿಲ್ಲಿಸಿ" ಅನ್ನೋ ಹಾಳೆ ಬಹುಶಃ ಇದರದ್ದೇ.

ಮೆಕೆಲ್ಸ್ ಡೈವರ್ಟಿಕ್ಯುಲಂ (ಹುಟ್ಟಿನಿಂದಲೇ ಸಣ್ಣ ಕರುಳಿನಲ್ಲಿ ಇರೋ ಪುಟ್ಟ ಚೀಲ) ಹುಡುಕೋ ಸ್ಕ್ಯಾನಿನಲ್ಲೂ ಬೇಡ. ಕರುಳಿನ ಒಳಪದರ ಕೆರಳಿದ್ರೆ ಅಲ್ಲೂ ಹೊಳಪು ಕಾಣಿಸ್ಕೊಂಡು ಹಾದಿ ತಪ್ಪಿಸುತ್ತೆ.

ಇನ್ನು ರೋಗಿಯ ಕಡೆಯಿಂದ ನೋಡಿ. ಕರುಳು ಕಟ್ಟಿಕೊಂಡಿರೋ ಅನುಮಾನ ಇದ್ದವರಿಗೆ ಭೇದಿ ಔಷಧಿ ಅಪಾಯ. ಕಿಡ್ನಿ ವೀಕ್ ಇದ್ದವರಿಗೆ ಸೋಡಿಯಂ ಫಾಸ್ಫೇಟ್, ಮೆಗ್ನೀಷಿಯಂ ಇರೋ ತಯಾರಿಕೆಗಳು ಕೊಡಬಾರದು. ಮೊದಲೇ ಭೇದಿಯಾಗ್ತಿರೋರಿಗೆ ಮತ್ತೆ ಕೊಟ್ರೆ ನೀರಿನಂಶ ಬತ್ತಿ, ಪೊಟ್ಯಾಸಿಯಂ ಇಳಿಯುತ್ತೆ. ಇನ್ಸುಲಿನೋಮಾ (ಇನ್ಸುಲಿನ್ ಸುರಿಸೋ ಗಡ್ಡೆ) ಅನುಮಾನ ಇದ್ದವರಿಗೆ ಭೇದಿ ಮಾಡಿಸಿ ಉಪವಾಸ ಇಟ್ರೆ ಸಕ್ಕರೆ ಕುಸಿದುಬೀಳುತ್ತೆ.

ಸೀದಾ_ಮಾತು

ಸರಿ ಮೇಡಂ, ಒಪ್ಪಿದೆ. ಹೊಟ್ಟೆ ಖಾಲಿಯಾಗೋ ಸ್ಕ್ಯಾನ್ ವಿಷಯ ನನ್ನ ತಲೆಗೆ ಬಂದೇ ಇರಲಿಲ್ಲ.

ಎಣಿಕೆ

ಸೀಹ್ಯಾಟ್ ಪರೀಕ್ಷೆನೂ ಸೇರಿಸ್ರಿ. ಅದರಾಗ ಹೊರಗ ಹೋಗೂದ ಪರೀಕ್ಷೆ! ಪಿತ್ತಾಮ್ಲದಂಥಾ ಒಂದು ಅಣುಕ್ಕ ಸೆಲೆನಿಯಂ-75 ಕಟ್ಟಿ ಕ್ಯಾಪ್ಸೂಲ್ ನುಂಗಸ್ತಾರ. ಅವತ್ತ ಒಮ್ಮೆ ಎಣಸ್ತಾರ, 7 ದಿನ ಬಿಟ್ಟು ಇನ್ನೊಮ್ಮೆ ಎಣಸ್ತಾರ. ಸೆಲೆನಿಯಂ-75 ಅರ್ಧಾಯು ಸುಮಾರು 120 ದಿನ, ಅಂದ್ರ 7 ದಿನದಾಗ ತಾನಾಗೇ ಕಮ್ಮಿ ಆಗೂದು ಬರೇ 4%. ಅದನ್ನ ಲೆಕ್ಕದಾಗ ಸರಿಮಾಡ್ಕೊಂಡ ಮ್ಯಾಲೆ ಕಮ್ಮಿ ಆಗಿದ್ದೆಲ್ಲಾ ಮಲದಾಗ ಹೋಗಿದ್ದು. 15%ಕ್ಕಿಂತ ಕಡಿಮಿ ಉಳದಿದ್ರ ಪಿತ್ತಾಮ್ಲ ಸರಿಯಾಗಿ ವಾಪಸ್ ಹೀರಿಕೊಳ್ಳವಲ್ದು ಅಂತ ಅರ್ಥ. 5%ಕ್ಕಿಂತ ಕಡಿಮಿ ಆದ್ರ ಭಾಳ ಗಂಭೀರ. ಆ 7 ದಿನದ ನಡುವ ಭೇದಿ ಔಷಧಿ ತಗೊಂಡ್ರ ಪರೀಕ್ಷೆ ಪೂರಾ ಹಾಳು.

ತಿಳ್ಕೊಳ್ಳೋಣ

ಇದು ಗೊತ್ತೇ ಇರಲಿಲ್ಲ. ಹಾಗಾದ್ರೆ ಕರುಳು ಖಾಲಿ ಇರಲೇಬೇಕಾದ್ದು ಯಾವುದಕ್ಕೆ? ಗ್ಯಾಲಿಯಂ-67ಕ್ಕೆ ಅಂತ ಓದಿದ್ದೆ.

ಬಿಳಿ_ಕೋಟು

ಹೌದು, ಭೇದಿ ಔಷಧಿಯ ಪದ್ಧತಿ ಬಲವಾಗಿ ಬೇರೂರಿದ್ದು ಗ್ಯಾಲಿಯಂ-67 ಸಿಟ್ರೇಟ್‌ನಿಂದಲೇ. ಮೊದಲ 24 ಗಂಟೆಯಲ್ಲಿ 10ರಿಂದ 25% ಕಿಡ್ನಿ ಮೂಲಕ ಹೋಗುತ್ತೆ. ಆಮೇಲೆ ಮುಖ್ಯ ದಾರಿ ದೊಡ್ಡ ಕರುಳು. ಚಿತ್ರ ತೆಗೆಯೋದು 48, 72 ಗಂಟೆಗೆ, ಅಂದ್ರೆ ಸರಿಯಾಗಿ ಕರುಳಿನಲ್ಲಿ ತುಂಬಿಕೊಂಡಿರೋ ಹೊತ್ತಿಗೆ. ಹೊಟ್ಟೆಯೊಳಗಿನ ಸೋಂಕೋ ಲಿಂಫೋಮಾನೋ (ದುಗ್ಧಗ್ರಂಥಿಗಳ ಕ್ಯಾನ್ಸರ್) ಹುಡುಕುವಾಗ ದೊಡ್ಡ ಕರುಳಿನ ಹೊಳಪು ಅಡ್ಡ ಬರುತ್ತೆ. ಅದಕ್ಕೆ ಇಂಜೆಕ್ಷನ್ ಆದ ದಿನದಿಂದ ಚಿತ್ರದ ಹಿಂದಿನ ರಾತ್ರಿವರೆಗೆ ಭೇದಿ ಔಷಧಿ ಕೊಡೋದು ರೂಢಿ.

ಎಣಿಕೆ

ಹಂಗಲ್ಲರೀ. ರೂಢಿ ಐತಿ, ಖರೆ, ಆದ್ರ ಲಾಭ ಎಷ್ಟು ಅನ್ನೂದರ ಮ್ಯಾಲೆ ಒಮ್ಮತ ಇಲ್ಲ. ಗ್ಯಾಲಿಯಂ ಮಲದಾಗ ಅಷ್ಟ ಇರಂಗಿಲ್ಲ, ಕರುಳಿನ ಗೋಡಿಯೊಳಗೂ ಇರ್ತದ. ಮಾತ್ರೆ ತೊಳಿಯೂದು ಒಳಗಿನ ಮಲಾನ, ಗೋಡಿನ್ನಲ್ಲ. ಜೋರು ಭೇದಿ ಔಷಧಿ ಕೊಟ್ಟು ಗೋಡಿ ಕೆರಳಿಸಿದ್ರ ಅಲ್ಲೇ ಇನ್ನೂ ಜಾಸ್ತಿ ಹಿಡೀತದ. ತೊಳ್ಯಾಕ ಹೋಗಿ ಬೆಳಕ ಹಚ್ಚಿದಂಗ ಆಗ್ತದ.

ಬಿಳಿ_ಕೋಟು

ಗೋಡೆಯ ಮಾತು ಒಪ್ಪುತ್ತೇನೆ. ಆದ್ರೆ ಮಲಬದ್ಧತೆ ಇರೋರಲ್ಲಿ ಒಳಗಿನ ಮಲದ ಹೊಳಪೇ ಸಮಸ್ಯೆ, ಅಂಥವರಿಗೆ ಸೌಮ್ಯವಾದದ್ದು ಕೊಡೋದು ತಪ್ಪಲ್ಲ. ನನ್ನ ಅಭಿಪ್ರಾಯ: ಎಲ್ಲರಿಗೂ ಕಣ್ಮುಚ್ಚಿ ಕೊಡೋದೂ ಬೇಡ, ಯಾರಿಗೂ ಬೇಡ ಅನ್ನೋದೂ ಬೇಡ.

ಮತ್ತೆ ಅಸಲಿ ಪರಿಹಾರ ಔಷಧಿಯಲ್ಲಿಲ್ಲ, ಎರಡನೇ ಚಿತ್ರದಲ್ಲಿದೆ. 48 ಗಂಟೆ ಚಿತ್ರದಲ್ಲಿ ಬಲಗಡೆ ಮೇಲೇರೋ ಕರುಳಿನ ಜಾಗದಲ್ಲಿ ಒಂದು ಮಚ್ಚೆ ಇದೆ ಅಂದುಕೊಳ್ಳಿ. 72 ಗಂಟೆಗೆ ಅದು ಅಡ್ಡ ಕರುಳಿನ ಕಡೆ ಜರುಗಿ, ಆಕಾರ ಬದಲಾಯಿಸಿದ್ರೆ ಅದು ಮಲ. ಅಲ್ಲೇ ಕೂತಿದ್ದು, ಸುತ್ತಲಿನದು ಮಸುಕಾದಂತೆ ಇನ್ನಷ್ಟು ಎದ್ದು ಕಂಡ್ರೆ ರೋಗ ಅಂತ ಅನುಮಾನ ಪಡಬೇಕು. ಸ್ಪೆಕ್ಟ್-ಸಿಟಿ (ಟ್ರೇಸರ್ ಚಿತ್ರದ ಜತೆ ಸಿಟಿ ಸೇರಿಸಿ ಮೂರು ಆಯಾಮದಲ್ಲಿ ತೋರಿಸೋ ಯಂತ್ರ) ಇದ್ರೆ ಮಚ್ಚೆ ಕರುಳಿನ ಕೊಳವೆಯೊಳಗಿದೆಯಾ ಆಚೆಗಿದೆಯಾ ಅಂತ ಅಲ್ಲೇ ಗೊತ್ತಾಗುತ್ತೆ.

ಎಣಿಕೆ

ಇದಕ್ಕ ನನ್ನ ಪೂರ್ತಿ ಒಪ್ಪಿಗಿ ಐತ್ರೀ.

ಹಾಟ್‌ಲ್ಯಾಬ್

ಇಂಡಿಯಂ-111 ಪೆಂಟೆಟ್ರಿಯೊಟೈಡ್ (ನ್ಯೂರೋಎಂಡೋಕ್ರೈನ್ ಅನ್ನೋ ಹಾರ್ಮೋನ್ ಕೋಶಗಳ ಗಡ್ಡೆ ಹುಡುಕೋ ಟ್ರೇಸರ್) ಕೂಡ ಆ ಪಟ್ಟಿಗೆ ಸೇರುತ್ತೆ, ಆದ್ರೆ ಲೆಕ್ಕ ಬೇರೆ. ಅದರಲ್ಲಿ 6 ಗಂಟೆಗೇ ಅರ್ಧ ಮೂತ್ರದಲ್ಲಿ ಹೋಗಿರುತ್ತೆ, 24 ಗಂಟೆಗೆ 85%. ಮಲದಲ್ಲಿ ಹೋಗೋದು 2%ಕ್ಕಿಂತ ಕಮ್ಮಿ. "2%ಕ್ಕೆ ಯಾಕೆ ಭೇದಿ ಮಾತ್ರೆ" ಅಂತ ಕೇಳ್ತಾರೆ. 24 ಗಂಟೆ ಹೊತ್ತಿಗೆ ಮೈಯಲ್ಲಿ ಉಳಿದಿರೋದೇ ಸ್ವಲ್ಪ, ಹುಡುಕ್ತಾ ಇರೋ ಗಡ್ಡೆಯೂ ಚಿಕ್ಕದು, ಅಷ್ಟರಲ್ಲಿ ಕರುಳಿನ ಈ ಸಣ್ಣ ಪಾಲೂ ಗಡ್ಡೆಯ ಹಾಗೆ ಕಾಣಿಸಬಹುದು. ಒಟ್ಟು ಎಷ್ಟು ಹೋಗುತ್ತೆ ಅನ್ನೋದಲ್ಲ, ಚಿತ್ರ ತೆಗೆಯೋ ಹೊತ್ತಿಗೆ ಎಲ್ಲಿ ಕೂತಿರುತ್ತೆ ಅನ್ನೋದು ಮುಖ್ಯ.

ತಿಳ್ಕೊಳ್ಳೋಣ

ಬಿಳಿ ರಕ್ತಕಣ ಸ್ಕ್ಯಾನ್?

ಬಿಳಿ_ಕೋಟು

ಒಳ್ಳೇ ಪ್ರಶ್ನೆ, ಅಲ್ಲೂ ಐಸೊಟೋಪ್ ನೋಡಿ ಮಾತಾಡ್ಬೇಕು. ಇಂಡಿಯಂ-111 ಆಕ್ಸಿನ್ ಹಚ್ಚಿದ ಬಿಳಿ ಕಣ ಮಾಮೂಲಾಗಿ ಕರುಳಿಗೆ ಬರಲ್ಲ. ಬಂದಿದೆ ಅಂದ್ರೆ ಕರುಳಿನ ಉರಿಯೂತ ಇರಬಹುದು, ರಕ್ತಸ್ರಾವ ಇರಬಹುದು, ಅಥವಾ ಶ್ವಾಸಕೋಶದ ಸೋಂಕಿನ ಕಫ ನುಂಗಿದ್ದೂ ಇರಬಹುದು. ಟೆಕ್ನೀಷಿಯಂ-99ಎಂ ಎಚ್‌ಎಂಪಿಎಒ ಹಚ್ಚಿದ ಕಣದಲ್ಲಿ ಸ್ವಲ್ಪ ಟೆಕ್ನೀಷಿಯಂ ಕಳಚಿಕೊಂಡು ಪಿತ್ತದ ಜತೆ ಕರುಳಿಗೆ ಇಳಿಯುತ್ತೆ. ಅದಕ್ಕೆ ಹೊಟ್ಟೆಯ ಚಿತ್ರವನ್ನ ಮೊದಲ ಒಂದು ಗಂಟೆಯೊಳಗೊಮ್ಮೆ, 2-3 ಗಂಟೆಗೊಮ್ಮೆ ತೆಗೆದು ಮುಗಿಸ್ತಾರೆ. ತಡ ಮಾಡಿದ್ರೆ ಸಹಜವಾದದ್ದು ರೋಗದ ಹಾಗೆ ಕಾಣುತ್ತೆ. ಎರಡಕ್ಕೂ ಭೇದಿ ಮಾತ್ರೆ ಬೇಕಿಲ್ಲ.

ಸಕ್ಕರೆ_ಲೆಕ್ಕ

ಪೆಟ್ ಸ್ಕ್ಯಾನ್ ವಿಷಯ ಯಾರೂ ಎತ್ತಿಲ್ಲ. ಅದಕ್ಕೆ ಸಾಮಾನ್ಯವಾಗಿ ಕೊಡೋ ಫ್ಲೋರಿನ್-18 ಟ್ರೇಸರ್ ಎಫ್‌ಡಿಜಿ ಗ್ಲೂಕೋಸ್ ತರಹದ್ದು ಅಂತಾರೆ, ಆದ್ರೆ ಗ್ಲೂಕೋಸ್ ಮೂತ್ರದಲ್ಲಿ ಹೋಗಲ್ಲ, ಎಫ್‌ಡಿಜಿ ಹೋಗುತ್ತೆ. ಕಿಡ್ನಿ ಸೋಸಿದ ಗ್ಲೂಕೋಸನ್ನ ಅಲ್ಲಿನ ಕೊಳವೆಗಳು ವಾಪಸ್ ಎಳ್ಕೊಳ್ಳುತ್ವೆ. ಎಫ್‌ಡಿಜಿಯನ್ನ ಅಷ್ಟು ಚೆನ್ನಾಗಿ ಹಿಡಿಯಲ್ಲ. ಹಾಗಾಗಿ ಮೊದಲ 2 ಗಂಟೆಯಲ್ಲಿ ಸುಮಾರು 20% ಮೂತ್ರಕೋಶ ಸೇರುತ್ತೆ. ಇಂಜೆಕ್ಷನ್ ಆಗಿ ಒಂದು ಗಂಟೆ ಮಲಗಿಸಿ, ಮೇಜಿಗೆ ಹತ್ತೋ ಮುಂಚೆ ಮೂತ್ರ ಮಾಡಿಸೋದು ಇದಕ್ಕೇ.

ಕರುಳಿನ ತೊಂದರೆ ಬರೋದು ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್‌ನಿಂದ. ಅದನ್ನ ತಗೊಳ್ಳೋರ ಸಣ್ಣ ಕರುಳು, ದೊಡ್ಡ ಕರುಳು ಎರಡೂ ಎಫ್‌ಡಿಜಿ ಹಿಡಿದು ಉರಿಯೋ ಹಾಗೆ ಕಾಣುತ್ತೆ. ಇದು ಗೋಡೆಯ ಹೊಳಪು, ಮಲದ್ದಲ್ಲ, ಹಾಗಾಗಿ ಭೇದಿ ಮಾತ್ರೆಯಿಂದ ಹೋಗಲ್ಲ. ಹೊಟ್ಟೆಯ ಭಾಗವನ್ನೇ ಮುಖ್ಯವಾಗಿ ನೋಡಬೇಕಿದ್ರೆ 48 ಗಂಟೆ ಮುಂಚೆ ಮೆಟ್‌ಫಾರ್ಮಿನ್ ನಿಲ್ಲಿಸೋಕೆ ಹೇಳ್ತಾರೆ. ಆದ್ರೆ ನಿಲ್ಲಿಸಿದ್ರೆ ಸಕ್ಕರೆ ಏರುತ್ತೆ, 200 ಮಿಲಿಗ್ರಾಂ ದಾಟಿದ್ರೆ ಸ್ಕ್ಯಾನೇ ಮುಂದೂಡಬಹುದು. ಸಕ್ಕರೆ ನೋಡೋ ವೈದ್ಯರನ್ನ ಕೇಳದೆ ಯಾರೂ ತಾವಾಗೇ ನಿಲ್ಲಿಸಬೇಡಿ.

ಫಿಲ್ಮ್_ಓದುಗ

ಮೆಟ್‌ಫಾರ್ಮಿನ್ 48 ಗಂಟೆ ನಿಲ್ಲಿಸೋದು ಸಿಟಿ ಕಾಂಟ್ರಾಸ್ಟ್‌ಗೆ ಅಲ್ವಾ? ಕಿಡ್ನಿಗೋಸ್ಕರ?

ಸಕ್ಕರೆ_ಲೆಕ್ಕ

ಎರಡೂ ಇದೆ, ಜನ ಕಲಸಿಬಿಡ್ತಾರೆ. ಅಯೋಡಿನ್ ಕಾಂಟ್ರಾಸ್ಟ್‌ಗೆ ನಿಲ್ಲಿಸೋದು ಕಿಡ್ನಿ ದುರ್ಬಲ ಇದ್ದವರಿಗೆ, ಕಾಂಟ್ರಾಸ್ಟ್ ಕೊಟ್ಟ ಮೇಲೆ 48 ಗಂಟೆ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಬಾರದು ಅಂತ. ಪೆಟ್‌ಗೆ ನಿಲ್ಲಿಸೋದು ಮುಂಚೆ, ಚಿತ್ರ ಸ್ಪಷ್ಟ ಬರಲಿ ಅಂತ.

ವಾರ್ಡ್_ಡ್ಯೂಟಿ

ಮೂತ್ರದ ಮಾತು ಬಂತು, ಮೂಳೆ ಸ್ಕ್ಯಾನಿನ ಒಂದು ಸಣ್ಣ ವಿಷಯ ಹೇಳ್ಬೇಕು. ಇಂಜೆಕ್ಷನ್ ಆಗಿ ಚಿತ್ರಕ್ಕೆ 2ರಿಂದ 4 ಗಂಟೆ ಕಾಯೋ ಹೊತ್ತಿನಲ್ಲಿ ಒಂದು ಲೀಟರ್‌ಗೆ ಕಮ್ಮಿ ಇಲ್ಲದ ಹಾಗೆ ನೀರು ಕುಡಿದು, ಆಗಾಗ ಮೂತ್ರ ಮಾಡ್ಬೇಕು. ಹೃದಯ, ಕಿಡ್ನಿ ತೊಂದರೆಗೆ ನೀರಿನ ಮಿತಿ ಹಾಕಿದ್ರೆ ಆ ಮಿತಿಯೇ ನಡೆಯುತ್ತೆ.

ಕೊನೇ ಸಲ ಮೂತ್ರ ಮಾಡಿ ಬರುವಾಗ ಒಳಉಡುಪಿನ ಮೇಲೆ ಒಂದೇ ಒಂದು ಹನಿ ಬಿದ್ದಿದ್ರೂ ಸಾಕು. ಚಿತ್ರದಲ್ಲಿ ಅದು ಸೊಂಟದ ಮೂಳೆಯಲ್ಲೋ ತೊಡೆಯ ಮೇಲ್ಭಾಗದಲ್ಲೋ ಕಪ್ಪು ಚುಕ್ಕೆಯಾಗಿ ನಿಲ್ಲುತ್ತೆ, ನೋಡಿದ್ರೆ ಮೂಳೆಗೆ ಹರಡಿದ ಕ್ಯಾನ್ಸರ್ ಅಂತಾನೇ ಅನ್ನಿಸುತ್ತೆ. ಆಗ ಮಾಡೋದು ಇಷ್ಟು: ಬಟ್ಟೆ ಬದಲಾಯಿಸಿ, ಚರ್ಮ ಒರೆಸಿ, ಅದೇ ಜಾಗವನ್ನ ಮತ್ತೆ ತೆಗೆಯೋದು. ಓರೆಯಾಗಿಯೂ ಒಂದು ತೆಗೀಬೇಕು. ಚುಕ್ಕೆ ಬಟ್ಟೆ ಜತೆ ಹೋಯ್ತು ಅಂದ್ರೆ ಮುಗೀತು. ಕ್ಯಾಥೆಟರ್ ಇರೋರ ಮೂತ್ರದ ಚೀಲವನ್ನ ಚಿತ್ರಕ್ಕೆ ಮುಂಚೆ ಖಾಲಿ ಮಾಡಿ, ಕ್ಯಾಮೆರಾ ನೋಟದಿಂದ ಆಚೆ ತೂಗುಹಾಕಿ. ಕೊಳವೆ ತೊಡೆ ಮೇಲೆ ಹಾದುಹೋಗದ ಹಾಗೆ ನೋಡ್ಕೊಳ್ಳಿ.

ಎಡ_ಕುಹರ

ಹೃದಯದ ಸ್ಕ್ಯಾನಿನಲ್ಲಿ ಕರುಳಿನ ಕಾಟ ಬೇರೆ ರೀತಿ. ಸೆಸ್ಟಾಮಿಬಿ ಪಿತ್ತದಿಂದ ಕರುಳಿಗೆ ಇಳಿದಾಗ ಹೃದಯದ ಕೆಳಗೋಡೆಗೆ ತಾಗಿಕೊಂಡಂತೆ ಕರುಳಿನ ಸುರುಳಿ ಹೊಳೀತಾ ಇರುತ್ತೆ. ಒಂದೋ ಆ ಹೊಳಪು ಕೆಳಗೋಡೆಗೆ ಸೇರಿ ಅಲ್ಲಿನ ಕೊರತೆ ಮುಚ್ಚಿಹೋಗುತ್ತೆ. ಇಲ್ಲಾ ಚಿತ್ರ ಕಟ್ಟೋ ಫಿಲ್ಟರ್‌ನಿಂದ ಪಕ್ಕದ ಗೋಡೆಯ ಎಣಿಕೆ ಕುಸಿದು, ಇಲ್ಲದ ಕೊರತೆ ಕಾಣಿಸುತ್ತೆ. ಎರಡೂ ತಪ್ಪೇ.

ಇಲ್ಲಿ ಭೇದಿ ಮಾತ್ರೆ ಕೆಲಸಕ್ಕೆ ಬರಲ್ಲ. ಟ್ರೇಸರ್ ಇರೋದು ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಒಂದು ಗಂಟೆ ಹಿಂದೆ ಇಳಿದದ್ದು. ಕಾಯೋದೇ ಮದ್ದು: ನಡೆಸಿ ಹೃದಯಕ್ಕೆ ಒತ್ತಡ ಕೊಟ್ಟಿದ್ರೆ 15-20 ನಿಮಿಷ ಸಾಕು, ವಿಶ್ರಾಂತಿಯಲ್ಲಿ ಅಥವಾ ಔಷಧಿಯಿಂದ ಒತ್ತಡ ಕೊಟ್ಟಿದ್ರೆ 45-60 ನಿಮಿಷ. ಸಾಲದಿದ್ರೆ ಒಂದಿಷ್ಟು ನೀರು ಕುಡಿಸಿ, ಸ್ವಲ್ಪ ಓಡಾಡಿಸಿ, ಮತ್ತೆ ತೆಗೆಯೋದು.

ಪಿತ್ತನಾಳ

ಹಾಲು ಅಥವಾ ಕೊಬ್ಬಿನ ಆಹಾರ ಕೊಟ್ರೆ ಪಿತ್ತಕೋಶ ಹಿಂಡಿ ಬೇಗ ಖಾಲಿಯಾಗುತ್ತಲ್ಲ?

ಎಡ_ಕುಹರ

ಪಿತ್ತಕೋಶ ಖಾಲಿಯಾಗುತ್ತೆ ಸರಿ, ಆದ್ರೆ ಅದರಲ್ಲಿದ್ದದ್ದು ಬಂದು ಬೀಳೋದು ಅದೇ ಕರುಳಿಗೆ. ಹೊತ್ತು ಸರಿಯಾಗಿ ಹಿಡಿಯದಿದ್ರೆ ಲಿವರ್ ಕೆಳಗಿದ್ದ ಹೊಳಪನ್ನ ಹೃದಯದ ಕೆಳಕ್ಕೆ ತಂದು ಇಟ್ಟಂಗಾಗುತ್ತೆ. ನೀರು ಮತ್ತು ತಾಳ್ಮೆ ಎರಡೇ ನನಗೆ ಸರಿ ಅನ್ಸೋದು.

ಅರ್ಧಾಯು

ಅಯೋಡಿನ್-131 ಚಿಕಿತ್ಸೆಗೆ ಬಂದ್ರೆ ಮಲಬದ್ಧತೆ ಚಿತ್ರದ ಪ್ರಶ್ನೆಯಷ್ಟೇ ಅಲ್ಲ, ಡೋಸಿನ ಪ್ರಶ್ನೆ. ಅಯೋಡಿನ್ ಜೊಲ್ಲಿನಲ್ಲಿ, ಹೊಟ್ಟೆಯ ರಸದಲ್ಲಿ ಸೇರಿ ಕೆಳಗಿಳಿಯುತ್ತೆ. ಮಲ ನಿಂತಲ್ಲೇ ನಿಂತ್ರೆ ಆ ಕರುಳಿನ ಗೋಡೆಗೆ ಬೀಟಾ ಕಣಗಳ ಪೆಟ್ಟು ಜಾಸ್ತಿ. ಅದಕ್ಕೆ ಕ್ಯಾಪ್ಸೂಲ್ ನುಂಗಿದ ನಂತರ ಮಲ ಸಲೀಸಾಗಿ ಹೋಗೋ ಹಾಗೆ ನೋಡ್ಕೋತಾರೆ. ಮುಂಚೆ ಜೋರು ಭೇದಿ ಮಾಡಿಸೋದಲ್ಲ, ಅದು ಹೀರಿಕೆಗೇ ತೊಂದರೆ.

ಇನ್ನೊಂದು ಸೂಕ್ಷ್ಮ. ಥೈರಾಯ್ಡ್ ತೆಗೆದು, ಹಾರ್ಮೋನ್ ಮಾತ್ರೆ ನಿಲ್ಲಿಸಿ ಚಿಕಿತ್ಸೆಗೆ ಬಂದವರಲ್ಲಿ ಕಿಡ್ನಿ ಸೋಸೋ ವೇಗ ಇಳಿದಿರುತ್ತೆ, ಕರುಳೂ ಮಂದ. ಹಾರ್ಮೋನ್ ಮಾತ್ರೆ ನಿಲ್ಲಿಸದೆ ಇಂಜೆಕ್ಷನ್ ರೂಪದ ಟಿಎಸ್ಎಚ್ (ಥೈರಾಯ್ಡ್ ಕೋಶಗಳನ್ನ ಅಯೋಡಿನ್ ಹಿಡಿಯೋಕೆ ಪ್ರಚೋದಿಸೋ ಹಾರ್ಮೋನ್) ತಗೊಂಡು ಬಂದವರಲ್ಲಿ ಹಾಗಾಗಲ್ಲ. ಒಂದೇ ಡೋಸ್ ಕೊಟ್ರೂ ಮೊದಲನೆಯವರ ರಕ್ತದಲ್ಲಿ ಅಯೋಡಿನ್ ಹೆಚ್ಚು ಹೊತ್ತು ಉಳಿಯುತ್ತೆ.

ವಾರ್ಡ್_ಡ್ಯೂಟಿ

ಮನೆಗೆ ಹೋದ ಮೇಲೆ: ಗಂಡಸರೂ ಕೂತೇ ಮೂತ್ರ ಮಾಡೋದು, ಎರಡು ಸಲ ಫ್ಲಶ್, ಕೈ ಸೋಪಿನಲ್ಲಿ ತೊಳೆಯೋದು. ಮೊದಲ ದಿನ ಎಚ್ಚರ ಇರೋವಾಗ ಗಂಟೆಗೊಮ್ಮೆ ಮೂತ್ರಕ್ಕೆ ಹೋಗಿ. ಡಯಾಪರ್ ಬಳಸೋರದ್ದನ್ನ ಕವರ್‌ನಲ್ಲಿ ಕಟ್ಟಿ ಬೇರೆಯಾಗಿಡಬೇಕು. ಟೆಕ್ನೀಷಿಯಂ ಆದ್ರೆ 60 ಗಂಟೆ ಕಳೆದ್ರೆ ಮಾಮೂಲಿ ಕಸ, ಅಯೋಡಿನ್-131 ಆದ್ರೆ ಆಸ್ಪತ್ರೆ ಹೇಳಿದ ಅವಧಿ. ಎದೆಹಾಲು ಕುಡಿಸೋರು ಇದ್ರೆ ಇಂಜೆಕ್ಷನ್‌ಗೆ ಮುಂಚೆಯೇ ಹೇಳಲೇಬೇಕು. ಅಯೋಡಿನ್-131 ಆದ್ರೆ ಆ ಮಗುವಿಗೆ ಮತ್ತೆ ಹಾಲು ಕುಡಿಸೋ ಹಾಗಿಲ್ಲ.

ಫಿಲ್ಮ್_ಓದುಗ

ಡಯಾಲಿಸಿಸ್‌ನಲ್ಲಿರೋರ ಕಥೆ? ಮೂತ್ರವೇ ಇಲ್ಲ.

ಹಾಟ್‌ಲ್ಯಾಬ್

ಕಿಡ್ನಿ ದಾರಿ ಮುಚ್ಚಿದೆ ಅಂದ್ರೆ ಟ್ರೇಸರ್ ರಕ್ತದಲ್ಲೇ ಉಳಿದು ಚಿತ್ರದ ಹಿನ್ನೆಲೆ ಮಸುಕು ಮಸುಕಾಗಿ ಬರುತ್ತೆ. ಮೂಳೆ ಸ್ಕ್ಯಾನಿನಲ್ಲಿ ಎದ್ದು ಕಾಣುತ್ತೆ. ಡಯಾಲಿಸಿಸ್ ಯಂತ್ರ ಸಣ್ಣ ಅಣುಗಳನ್ನ ತೆಗೆಯುತ್ತೆ, ಹಾಗಾಗಿ ಸ್ಕ್ಯಾನ್ ಮತ್ತು ಡಯಾಲಿಸಿಸ್ ಹೊತ್ತನ್ನ ಎರಡೂ ಕಡೆಯವರು ಮಾತಾಡ್ಕೊಂಡು ಹೊಂದಿಸಬೇಕು. ತೆಗೆದ ದ್ರವದಲ್ಲಿ ವಿಕಿರಣ ಇರುತ್ತೆ ಅಂತ ಯಂತ್ರ ನೋಡೋರಿಗೆ ತಿಳಿಸೋದನ್ನ ಮರೀಬಾರದು. ಕ್ಷಯ ಮಾತ್ರ ಯಾರನ್ನೂ ಕಾಯಲ್ಲ, ಅದು ನಡೀತಾನೇ ಇರುತ್ತೆ.

ಸೀದಾ_ಮಾತು

ಹಾಗಾದ್ರೆ "ಕರುಳಿನ ಮೂಲಕ ವಿಕಿರಣ ತೆಗೆಯೋದು" ಅಂತ ಬರೆಯೋದೆಲ್ಲ ಸುಳ್ಳು ಅಂತಾಯ್ತು.

ಅರ್ಧಾಯು

ಎಲ್ಲವೂ ಅಲ್ಲ. ಒಂದು ಕಡೆ ಅದು ನಿಜವಾದ ಚಿಕಿತ್ಸೆ: ಸೀಸಿಯಂ-137 ಮೈಗೆ ಸೇರಿದಾಗ. ಅದರ ಭೌತಿಕ ಅರ್ಧಾಯು 30 ವರ್ಷ, ಕಾದು ಪ್ರಯೋಜನ ಇಲ್ಲ. ಸೀಸಿಯಂ ಕರುಳಿಗೆ ಇಳಿಯುತ್ತೆ, ಅಲ್ಲಿಂದ ಮತ್ತೆ ರಕ್ತಕ್ಕೆ ಹೀರಿಕೊಳ್ಳುತ್ತೆ, ಹೀಗೇ ಸುತ್ತುತ್ತೆ. ಪ್ರಷ್ಯನ್ ಬ್ಲೂ ಅನ್ನೋ ನೀಲಿ ಬಣ್ಣದ ಔಷಧಿ ನುಂಗಿಸಿದ್ರೆ ಅದು ಕರುಳಿನಲ್ಲೇ ಸೀಸಿಯಂನ ಹಿಡಿದು ಮಲದಲ್ಲಿ ಒಯ್ಯುತ್ತೆ. ಜೈವಿಕ ಅರ್ಧಾಯು ಸುಮಾರು 110 ದಿನದಿಂದ 30 ದಿನಕ್ಕೆ ಇಳಿಯುತ್ತೆ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಸೀಸಿಯಂ ಅವಘಡ ಆದಾಗ 46 ಮಂದಿಗೆ ಇದನ್ನ ಕೊಟ್ಟರು. ಅಲ್ಲೂ ಮಲಬದ್ಧತೆ ಆಗದ ಹಾಗೆ ನೋಡ್ಕೋಬೇಕು, ಹಿಡಿದದ್ದು ಹೊರಗೆ ಹೋಗಬೇಕಲ್ಲ. ಸ್ಕ್ಯಾನಿನ ಟ್ರೇಸರ್‌ಗೆ ಇದು ಬೇಡ, ಕೆಲಸವೂ ಮಾಡಲ್ಲ.

ಫಿಲ್ಮ್_ಓದುಗ

ಬೇರಿಯಂ ಬಗ್ಗೆ ಒಂದು ಮಾತು. ಬೇರಿಯಂ ಕುಡಿಸೋ ಎಕ್ಸ್‌ರೇ, ನ್ಯೂಕ್ಲಿಯರ್ ಸ್ಕ್ಯಾನ್ ಎರಡೂ ಇದ್ರೆ ನ್ಯೂಕ್ಲಿಯರ್ ಮೊದಲು. ಬೇರಿಯಂ ದೊಡ್ಡ ಕರುಳಿನಲ್ಲಿ ದಿನಗಟ್ಟಲೆ ಕೂತು ಗಾಮಾ ಕಿರಣವನ್ನ ತಡೆಯುತ್ತೆ, ಹಿಂದಿರೋದು ಕಾಣಲ್ಲ. ಪೆಟ್-ಸಿಟಿಯಲ್ಲಿ ಉಲ್ಟಾ: ಮೈ ತಡೆದ ಕಿರಣಕ್ಕೆ ಯಂತ್ರ ಸಿಟಿ ನೋಡಿ ತಿದ್ದುಪಡಿ ಮಾಡುತ್ತೆ, ಗಟ್ಟಿ ಬೇರಿಯಂ ಇದ್ದ ಕಡೆ ಅದನ್ನ ಜಾಸ್ತಿ ಮಾಡಿ, ಇಲ್ಲದ ಹೊಳಪು ಹುಟ್ಟಿಸುತ್ತೆ. ತಿದ್ದುಪಡಿ ಮಾಡದ ಚಿತ್ರ ತೆರೆದು ನೋಡಿದ್ರೆ ಅಲ್ಲಿ ಏನೂ ಇರಲ್ಲ.

ತಿಳ್ಕೊಳ್ಳೋಣ

ಕೊಲೊನೋಸ್ಕೋಪಿಗೆ ಕುಡಿಸೋ ಪುಡಿ ನೀರು ಇದೆಯಲ್ಲ, ಗ್ಯಾಲಿಯಂ-67ಕ್ಕೆ ಅಷ್ಟು ಬೇಕಾಗುತ್ತಾ? ಇಲ್ಲ ಬೆಳಿಗ್ಗೆ ಒಂದು ಎನಿಮಾ ಸಾಕಾ?

ವಾರ್ಡ್_ಡ್ಯೂಟಿ

ಅಷ್ಟು ಬೇಡ. ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣ 2ರಿಂದ 4 ಲೀಟರ್, 10-15 ನಿಮಿಷಕ್ಕೆ 250 ಮಿ.ಲೀ.ನಂತೆ, ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಗೆ 4-6 ಗಂಟೆ ಮುಂಚೆ: ಅದು ಕ್ಯಾಮೆರಾ ಒಳಗೆ ಹಾಕಿ ಗೋಡೆ ನೋಡೋರಿಗೆ. ಗ್ಯಾಲಿಯಂಗೆ ಕೊಟ್ರೆ ಸಾಮಾನ್ಯವಾಗಿ ಬೈಸಾಕೋಡಿಲ್ ತರಹದ ಮಾತ್ರೆ.

ಬೈಸಾಕೋಡಿಲ್‌ನಲ್ಲಿ ಜನ ಮಾಡೋ ತಪ್ಪು ಒಂದಿದೆ. ಮಾತ್ರೆ ಮೇಲಿನ ಲೇಪ ಹೊಟ್ಟೆಯಲ್ಲಿ ಕರಗಬಾರದು, ಕರುಳಿನಲ್ಲಿ ಕರಗಬೇಕು. ಅಗಿದ್ರೆ, ಪುಡಿ ಮಾಡಿದ್ರೆ, ಅಥವಾ ಒಂದು ಗಂಟೆ ಆಚೀಚೆ ಹಾಲೋ ಅಸಿಡಿಟಿ ಔಷಧಿಯೋ ತಗೊಂಡ್ರೆ ಲೇಪ ಹೊಟ್ಟೆಯಲ್ಲೇ ಕರಗಿ ಉರಿ, ಹಿಂಡು ನೋವು ಬರುತ್ತೆ, ಕರುಳಿಗೆ ತಲುಪೋದು ಕಮ್ಮಿ. ನೀರಿನಲ್ಲಿ ಹಾಗೇ ನುಂಗಬೇಕು. ಕೆಲಸ ಮಾಡೋಕೆ 6ರಿಂದ 12 ಗಂಟೆ ಬೇಕು, ಅದಕ್ಕೇ ರಾತ್ರಿ ಕೊಡೋದು. ಬೆಳಿಗ್ಗೆ ನುಂಗಿ ಬಂದ್ರೆ ಮೇಜಿನ ಮೇಲೆ ಮಲಗಿರುವಾಗ ಎದ್ದು ಓಡಬೇಕಾಗುತ್ತೆ, ಚಿತ್ರ ಕೆಡುತ್ತೆ.

ಎನಿಮಾ ತಲುಪೋದು ಗುದನಾಳ ಮತ್ತು ಎಡಗಡೆ ಕರುಳಿಗೆ. ಬಲಗಡೆ ಮೇಲೇರೋ ಕರುಳಿನ ಗ್ಯಾಲಿಯಂಗೆ ಅದರಿಂದ ಏನೂ ಆಗಲ್ಲ. ಕೆಳಹೊಟ್ಟೆ, ಸೊಂಟದ ಭಾಗ ನೋಡಬೇಕಿದ್ರೆ ಮಾತ್ರ ಅದಕ್ಕೆ ಅರ್ಥ.

ತಿಳ್ಕೊಳ್ಳೋಣ

ಎಲ್ಲರಿಗೂ ಧನ್ಯವಾದ. ಕೊನೇದಾಗಿ ಒಂದು: ಚೀಟಿಯಲ್ಲಿ ಬರೀ "ಗ್ಯಾಲಿಯಂ ಸ್ಕ್ಯಾನ್" ಅಂತಿದ್ರೆ ಭೇದಿ ಮಾತ್ರೆ ಇದೆ ಅಂತ ತಿಳ್ಕೋಬಹುದಾ?

ಹಾಟ್‌ಲ್ಯಾಬ್

ತಿಳ್ಕೋಬೇಡಿ, ಇಲ್ಲೇ ಹಾಳೆಗಳು ಅದಲುಬದಲಾಗೋದು. ಗ್ಯಾಲಿಯಂ-67 ಸಿಟ್ರೇಟ್ 78 ಗಂಟೆ ಅರ್ಧಾಯುವಿನದ್ದು, ದಿನಗಟ್ಟಲೆ ಕರುಳಿನಲ್ಲಿ ಇರುತ್ತೆ. ಗ್ಯಾಲಿಯಂ-68 ಡೋಟಾಟೇಟ್ (ಇದೂ ನ್ಯೂರೋಎಂಡೋಕ್ರೈನ್ ಗಡ್ಡೆ ಹುಡುಕೋ ಪೆಟ್ ಟ್ರೇಸರ್) 68 ನಿಮಿಷದ್ದು, ಹೊರಹೋಗೋದು ಮೂತ್ರದಲ್ಲಿ, ಇಂಜೆಕ್ಷನ್ ಆಗಿ ಸುಮಾರು ಒಂದು ಗಂಟೆಗೆ ಚಿತ್ರ ತೆಗೆದು ಅವತ್ತೇ ಮುಗಿಯುತ್ತೆ. ಅದಕ್ಕೆ ಭೇದಿ ಮಾತ್ರೆ ಬೇಕಿಲ್ಲ, ನೀರು ಸಾಕು. ಫೋನ್ ಮಾಡಿ "67ಓ 68ಓ, ಯಾವ ಔಷಧಿಗೆ ಕಟ್ಟಿದ್ದು" ಅಂತ ಕೇಳಿ. ಡೋಸ್ ತಯಾರು ಮಾಡೋ ಜಾಗದಲ್ಲಿ ಅದು ಬರೆದೇ ಇರುತ್ತೆ, ಹೇಳ್ತಾರೆ.